ಬೆಕ್ಕು ರಾತ್ರಿ ಎಲ್ಲಿರಬೇಕು?

ಹೋದ ವರ್ಷ ನಮ್ಮನೆ ಬೆಕ್ಕು ಸತ್ತಿದ್ದು ನನ್ನ ತಪ್ಪಿನಿಂದ. ಭತ್ತದ ಗದ್ದೆಯಲ್ಲಿ ಬ್ರೊಮಾಡಿಯೋಲೋನ್ ಇಲಿಬಿಲ್ಲೆ ಇಟ್ಟಿದ್ದೆ, ಬೆಕ್ಕನ್ನು ಎಂದಿನಂತೆ ಹೊರಗೇ ಬಿಟ್ಟಿದ್ದೆ. ಈ ವಿಷ ತಿಂದ ಇಲಿ ತಕ್ಷಣ ಸಾಯಲ್ಲ. ಕೆಲವು ದಿನ ಮಂಕಾಗಿ ಓಡಾಡುತ್ತೆ. ಬೆಕ್ಕಿಗೆ ಅದು ಸುಲಭದ ಬೇಟೆ. ಇಲಿಯ ಮೈಯಲ್ಲಿರುವ ವಿಷ ಬೆಕ್ಕಿಗೂ ಸೇರಿ, ರಕ್ತ ಹೆಪ್ಪುಗಟ್ಟದಂತೆ ಮಾಡುತ್ತೆ.

ಹಾಗಂತ ಸದಾ ಕೂಡಿಹಾಕಿದರೆ ಇಲಿ ಹಿಡಿಯೋರು ಯಾರು? ನಾನೀಗ ಹೀಗೆ ಮಾಡ್ತೀನಿ:

1. ಸಂಜೆ ಊಟ ಹಾಕಿ, ಬೆಕ್ಕನ್ನು ಕಾಳಿನ ಕೋಣೆಗೆ ಬಿಟ್ಟು ಬಾಗಿಲು ಹಾಕ್ತೀನಿ. ಹೊಟ್ಟೆ ತುಂಬಿದ ಬೆಕ್ಕೂ ಇಲಿ ಹಿಡಿಯುತ್ತೆ. ನೀರು, ಮರಳಿನ ತಟ್ಟೆ ಅಲ್ಲೇ ಇರಲಿ. ವಿಷ, ಔಷಧಿ ಡಬ್ಬ ಬೇಡ.

2. ವಿಷ ಇಡೋ ಮುಂಚೆ ತಿಳಿಸಿ ಅಂತ ಪಕ್ಕದ ಹೊಲದವರಿಗೆ ಹೇಳಿದ್ದೀನಿ. ಇಟ್ಟ ದಿನಗಳಲ್ಲಿ ಬೆಕ್ಕು ಹಗಲೂ ಒಳಗೇ.

3. ಸತ್ತ ಇಲಿಗಳನ್ನು ದಿನಾ ಹುಡುಕಿ ಆಳವಾಗಿ ಹೂಳ್ತೀನಿ.

ಬೆಕ್ಕಿನ ವಸಡು ಬಿಳಿಚಿದರೆ, ಮೂಗಲ್ಲಿ ರಕ್ತ ಬಂದರೆ ವಿಷದ ಪ್ಯಾಕೆಟ್ ಫೋಟೊ ತಗೊಂಡು ಪಶುವೈದ್ಯರ ಹತ್ತಿರ ಓಡಿ. ಬ್ರೊಮಾಡಿಯೋಲೋನ್‌ಗೆ ವಿಟಮಿನ್ ಕೆ1 ಮದ್ದಿದೆ. ಜಿಂಕ್ ಫಾಸ್ಫೈಡ್‌ಗೆ ಪ್ರತಿವಿಷವೇ ಇಲ್ಲ. ನಾನು ಎರಡು ದಿನ ಕಾದೆ. ನೀವು ಕಾಯಬೇಡಿ.