ಹಾಸಿಗೆಗೆ ಎರಚಿದ ಚಿಗಟದ ಪುಡಿ: ತೆಗೆಯುವ ಕ್ರಮ ಮತ್ತು ಮನೆಯವರ ಸುರಕ್ಷತೆ

ನಾಯಿ, ಬೆಕ್ಕು, ಕೋಳಿ, ದನಕರುಗಳು ಒಂದೇ ಸೂರಿನಡಿ ಇರುವ ರೈತರ ಮನೆಗಳಲ್ಲಿ ಚಿಗಟದ ಕಾಟ ಹೊಸದಲ್ಲ. ಪಾದದ ಗಂಟಿನ ಸುತ್ತ ಕೆಂಪು ಗುಳ್ಳೆಗಳೆದ್ದು ತುರಿಕೆ ಪ್ರಾರಂಭವಾದೊಡನೆ, ಕೈಗೆ ಸಿಕ್ಕ ಕೀಟನಾಶಕ ಪುಡಿಯನ್ನು ಹಾಸಿಗೆ, ಕೌದಿ, ಸೋಫಾಗಳ ಮೇಲೆ ಎರಚಿಬಿಡುವ ರೂಢಿ ಹಲವೆಡೆ ಇದೆ. ಎರಚುವುದು ಐದು ನಿಮಿಷದ ಕೆಲಸ. ಎರಚಿದ್ದನ್ನು ತೆಗೆಯುವುದು ಅಷ್ಟು ಸುಲಭವಲ್ಲ. ತೆಗೆಯದೆ ಬಿಟ್ಟ ಪುಡಿಯ ಮೇಲೆ ಅಂಬೆಗಾಲಿಡುವ ಮಗು ಹೊರಳಾಡುತ್ತದೆ. ಅದೇ ಕೈಯನ್ನು ಬಾಯಿಗಿಡುತ್ತದೆ. 56 ಕಿಲೋ ತೂಕದ ತಂದೆಯ ಮೈಸೇರುವಷ್ಟೇ ಪುಡಿ 8 ಕಿಲೋ ತೂಕದ ಮಗುವಿನ ಮೈಸೇರಿದರೆ, ತೂಕದ ಲೆಕ್ಕದಲ್ಲಿ ಅದು ಏಳು ಪಟ್ಟು ವಿಷ.

ಪುಡಿ ಯಾವುದೆಂದು ಮೊದಲು ತಿಳಿಯಿರಿ

ಹಾಸಿಗೆಗೆ ಬಿದ್ದ ಪುಡಿಯ ಹೆಸರು ತಿಳಿಯದೆ ಮುಂದಿನ ಕೆಲಸಕ್ಕೆ ಕೈಹಾಕಬಾರದು. ಚೀಟಿ ಇರುವ ಡಬ್ಬ ಅಥವಾ ಚೀಲವನ್ನು ಹುಡುಕಿ ಓದಬೇಕು. ನಾಯಿಗೆಂದು ಮಾರುವ ಪುಡಿಗಳಲ್ಲಿ ಪರ್ಮೆಥ್ರಿನ್‌ನಂತಹ ಔಷಧಗಳಿರುತ್ತವೆ. ಬೆಳೆಗೆಂದು ಮಾರುವ ಶೇಕಡಾ 5ರ ಮೆಲಾಥಿಯಾನ್, ಶೇಕಡಾ 0.4ರ ಫೆನ್ವಲರೇಟ್ ಪುಡಿಗಳು ಹೊಲದ ಗಾಳಿ ಬಿಸಿಲಿಗೆ ತಕ್ಕವು, ಮಲಗುವ ಕೋಣೆಗಲ್ಲ. ಹೊಲದಲ್ಲಿ ಬಿಸಿಲು, ಮಳೆ, ಮಣ್ಣಿನ ಸೂಕ್ಷ್ಮಜೀವಿಗಳು ಔಷಧವನ್ನು ಬೇಗ ಒಡೆಯುತ್ತವೆ. ಹಾಸಿಗೆಯ ಹೊಲಿಗೆಯೊಳಗೆ ಇವು ಯಾವುವೂ ಇಲ್ಲದ್ದರಿಂದ ಅದೇ ಔಷಧ ಬಹುಕಾಲ ಉಳಿಯುತ್ತದೆ.

ಅಟ್ಟದ ಮೇಲಿನ ಹಳೆಯ ಡಬ್ಬಗಳ ಬಗ್ಗೆ ಇನ್ನೂ ಹೆಚ್ಚಿನ ಎಚ್ಚರಿಕೆ ಬೇಕು. ಬಿ.ಎಚ್.ಸಿ. ಪುಡಿಯನ್ನು ಭಾರತದಲ್ಲಿ 1997ರಲ್ಲಿ, ಮೀಥೈಲ್ ಪ್ಯಾರಾಥಿಯಾನನ್ನು 2018ರಲ್ಲಿ ನಿಷೇಧಿಸಲಾಯಿತು. ಆದರೂ ಅಜ್ಜನ ಕಾಲದ ಪುಡಿ ಕೆಲವರ ಮನೆಯಲ್ಲಿ ಉಳಿದಿರಬಹುದು. ಇವು ಹಾಸಿಗೆಗೆ ಬಿದ್ದಿದ್ದರೆ ಅದನ್ನು ಶುಚಿಮಾಡುವ ಗೋಜಿಗೆ ಹೋಗದಿರುವುದು ಲೇಸು. ಅಂತಹ ಹಾಸಿಗೆಯನ್ನು ಸುಡಬಾರದು, ಅದರ ಹೊಗೆಯೂ ವಿಷವೇ. ಬಾವಿ, ಕೆರೆ, ಕಾಲುವೆಗಳಿಂದ ದೂರದಲ್ಲಿ ಆಳವಾದ ಗುಂಡಿ ತೋಡಿ ಹೂಳಬೇಕು.

ಮತ್ತೆ ಮತ್ತೆ ಎರಚುವುದೇಕೆ?

ಪುಡಿ ಹಾಕಿದ ಎರಡು ವಾರದಲ್ಲಿ ಚಿಗಟ ಮತ್ತೆ ಕಾಣಿಸಿಕೊಳ್ಳುವುದುಂಟು. ಔಷಧ ಕಲಬೆರಕೆಯದೆಂದು ಬೈಯುತ್ತ ಇನ್ನಷ್ಟು ಎರಚುತ್ತಾರೆ. ಹಾಸಿಗೆಯಲ್ಲಿ ವಿಷ ಸೇರಿಕೊಳ್ಳುವುದು ಹೀಗೆ. ದೋಷ ಸಾಮಾನ್ಯವಾಗಿ ಔಷಧದ್ದಲ್ಲ. ಚಿಗಟ ನಾಯಿಯ ಮೈಮೇಲೆ ಮೊಟ್ಟೆಯಿಡುತ್ತದೆ. ಮೊಟ್ಟೆಗಳು ಉದುರಿ ನಾಯಿ ಮಲಗುವ ಗೋಣಿತಾಟು, ನೆಲದ ಬಿರುಕು, ಗೋಡೆಯ ಮೂಲೆಯ ಧೂಳನ್ನು ಸೇರುತ್ತವೆ. ಮರಿಹುಳುಗಳು ಅಲ್ಲಿಯ ಕಸವನ್ನೂ ದೊಡ್ಡ ಚಿಗಟಗಳ ಒಣಗಿದ ಹಿಕ್ಕೆಯನ್ನೂ ತಿಂದು ಬೆಳೆದು, ನೂಲಿನ ಗೂಡು ಕಟ್ಟಿ ಕೋಶಾವಸ್ಥೆಗೆ ಹೋಗುತ್ತವೆ. ಈ ಗೂಡಿನೊಳಕ್ಕೆ ಪುಡಿ ತಲುಪುವುದಿಲ್ಲ. ಕೋಶ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸುಮ್ಮನಿದ್ದು, ನಡೆದಾಡುವ ಸದ್ದು ಮತ್ತು ಮೈಶಾಖ ತಾಗಿದಾಗ ಒಡೆಯುತ್ತದೆ. ಬೀಗ ಹಾಕಿದ್ದ ಮನೆಗೆ ಹೊಕ್ಕೊಡನೆ ಚಿಗಟಗಳು ಮುತ್ತುವುದು ಇದೇ ಕಾರಣದಿಂದ.

ಆದುದರಿಂದ ಚಿಗಟದ ನೆಲೆ ಮಂಚವಲ್ಲ, ನಾಯಿಯ ಜಾಗ. ನಾಯಿಯ ಗೋಣಿಯನ್ನು ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕುವುದು, ನೆಲದ ಬಿರುಕು ಮುಚ್ಚುವುದು, ಮೂಲೆಗಳ ಧೂಳು ತೆಗೆಯುವುದು, ನಾಯಿಯ ಮೈಯನ್ನು ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ ಸಿಕ್ಕ ಚಿಗಟಗಳನ್ನು ಸಾಬೂನು ನೀರಿಗೆ ಹಾಕುವುದು ಹಾಸಿಗೆಗೆ ಪುಡಿ ಎರಚುವುದಕ್ಕಿಂತ ಹೆಚ್ಚು ಫಲಕಾರಿ.

ಬಿದ್ದ ಪುಡಿಯನ್ನು ತೆಗೆಯುವ ಕ್ರಮ

ಒಣ ಪೊರಕೆಯಿಂದ ಗುಡಿಸುವುದು, ಮನೆಯೊಳಗೇ ಹಾಸಿಗೆಯನ್ನು ಕೋಲಿನಿಂದ ಬಡಿಯುವುದು ಎಲ್ಲಕ್ಕಿಂತ ಕೆಟ್ಟ ವಿಧಾನ. ನುಣುಪು ಪುಡಿ ಮೇಲೆದ್ದು ಗಾಳಿಯಲ್ಲಿ ತೇಲಿ ಶ್ವಾಸಕೋಶ ಸೇರುತ್ತದೆ; ಉಳಿದದ್ದು ನೀರಿನ ಕೊಡದ ಮೇಲೂ ರಾಗಿಮುದ್ದೆಯ ತಟ್ಟೆಯ ಮೇಲೂ ಕೂರುತ್ತದೆ. ಮೊದಲು ಮಕ್ಕಳು, ಗರ್ಭಿಣಿಯರು, ಉಬ್ಬಸವಿರುವವರು ಮತ್ತು ಸಾಕುಪ್ರಾಣಿಗಳನ್ನು ಹೊರಗೆ ಕಳಿಸಿ, ಆಹಾರ ಪದಾರ್ಥಗಳನ್ನು ಮುಚ್ಚಿ, ಕಿಟಕಿ ತೆರೆದು, ಫ್ಯಾನ್ ಆರಿಸಬೇಕು. ತುಂಬು ತೋಳಿನ ಅಂಗಿ, ರಬ್ಬರ್ ಕೈಗವಸು, ಮೂಗು ಬಾಯಿಗೆ ಮಾಸ್ಕ್ ಅವಶ್ಯ.

ಹತ್ತಿ ಹಾಸಿಗೆಯನ್ನು ನೀರು ಹಿಂಡಿದ ಹಳೆಯ ಸೀರೆ ಅಥವಾ ಧೋತರದಲ್ಲಿ ನಿಧಾನವಾಗಿ ಸುತ್ತಿ ಅಂಗಳಕ್ಕೆ ಒಯ್ಯಬೇಕು. ಅಲ್ಲಿ ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ ನಿಂತು, ಮೆತ್ತನೆಯ ಬ್ರಷ್‌ನಿಂದ ಒಂದೇ ದಿಕ್ಕಿಗೆ, ನೆಲಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಬೀಳುವಂತೆ ಪುಡಿಯನ್ನು ತೆಗೆಯಬೇಕು. ಟಾಕಾ ಹಾಕಿದ ಗುಳಿಗಳು ಮತ್ತು ಅಂಚಿನ ಹೊಲಿಗೆಯಲ್ಲಿಯೇ ಪುಡಿ ಹೆಚ್ಚಾಗಿ ಸಿಕ್ಕಿಕೊಂಡಿರುತ್ತದೆ. ಬಿಸಿಲಿಗೆ ಹಾಕಿದರೆ ಸಾಕೆಂಬ ನಂಬಿಕೆ ಸರಿಯಲ್ಲ. ಬಿಸಿಲು ಹೊದಿಕೆಯ ಮೇಲ್ಮೈಗಷ್ಟೇ ತಾಗುತ್ತದೆ. ಪುಡಿ ಒಳಗಿನ ಹತ್ತಿಗೆ ಇಳಿದಿದ್ದರೆ ಆ ಹತ್ತಿಯನ್ನು ಮತ್ತೆ ಹಿಂಜಿಸಬಾರದು. ಹಾಸಿಗೆ ಹೊಲಿಯಲು ಮನೆಬಾಗಿಲಿಗೆ ಬರುವವರು ಆ ಧೂಳನ್ನು ದಿನವಿಡೀ ಉಸಿರಾಡಬೇಕಾಗುತ್ತದೆ.

ಹೊದಿಕೆ, ಕೌದಿ, ದಿಂಬಿನ ಚೀಲಗಳನ್ನು ಬೇರೆ ಬಟ್ಟೆಗಳೊಂದಿಗೆ ಸೇರಿಸದೆ, ಸಾಬೂನು ಮತ್ತು ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಮೂರು ಸಲ ಜಾಲಿಸಬೇಕು. ಕ್ಷಾರದಲ್ಲಿ ಮೆಲಾಥಿಯಾನ್ ಬೇಗ ಒಡೆಯುತ್ತದೆ. ಉಣ್ಣೆ ಕಂಬಳಿಗೆ ಸೋಡಾ ಸಲ್ಲದು, ಸಾಬೂನಷ್ಟೇ ಸಾಕು.

ಸ್ಪಂಜಿನ ಸೋಫಾ ಇದ್ದರೆ ನೀರು ಸುರಿಯಬಾರದು. ಪುಡಿ ಕೆಸರಾಗಿ ಒಳಗಿಳಿಯುತ್ತದೆ. ಗವಸು ಬಿಚ್ಚಿ ಒಗೆಯಬೇಕು, ಸ್ಪಂಜನ್ನು ಹೊರಗೆ ಬ್ರಷ್ ಮಾಡಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಹಲವು ಸಲ ಒತ್ತಿ ಒರೆಸಬೇಕು. ರೆಕ್ಸಿನ್ ಮತ್ತು ಮರಕ್ಕೆ ಸಾಬೂನು ನೀರಿನ ಬಟ್ಟೆ ಸಾಕು. ಮಾಮೂಲಿ ವ್ಯಾಕ್ಯೂಮ್ ಕ್ಲೀನರಿನ ಚೀಲ ಇಷ್ಟು ನುಣುಪಾದ ಪುಡಿಯನ್ನು ತಡೆಯದೆ, ಹಿಂದಿನಿಂದ ಕೋಣೆಗೇ ಊದುತ್ತದೆ. ನೆಲವನ್ನು ಒದ್ದೆ ಬಟ್ಟೆಯಿಂದಲೇ ಒರೆಸಬೇಕು.

ರೇಷ್ಮೆ ಮನೆ, ಮೀನು, ಬೆಕ್ಕು

ವಾಸದ ಮನೆಯಲ್ಲಿಯೇ ರೇಷ್ಮೆಹುಳು ಸಾಕುವವರು ಈ ಪುಡಿಗಳನ್ನು ಒಳಗೆ ತರಲೇಬಾರದು. ಪರ್ಮೆಥ್ರಿನ್, ಫೆನ್ವಲರೇಟ್ ಗುಂಪಿನ ಔಷಧಗಳು ಅತ್ಯಲ್ಪ ಪ್ರಮಾಣದಲ್ಲಿಯೂ ಹುಳುವಿಗೆ ಮಾರಕ. ಹಾಸಿಗೆ ಒರೆಸಿದ ಕೈಯಲ್ಲಿ ಸೊಪ್ಪು ಹಾಕಿದರೆ, ಅದೇ ಪೊರಕೆಯಿಂದ ತಟ್ಟೆಯ ಸುತ್ತ ಗುಡಿಸಿದರೆ ಸಾಕು; ಹುಳು ತಲೆ ಒದರುತ್ತ ಹಸಿರು ರಸ ಕಾರಿ ಕುಗ್ಗಿ ಸಾಯುತ್ತದೆ. ರೋಗವೆಂದು ತಿಳಿದು ಮೊಟ್ಟೆ ಕೊಟ್ಟವರನ್ನು ದೂರುವ ಮೊದಲು ಮನೆಯೊಳಗೆ ಯಾರು ಏನು ಎರಚಿದರೆಂದು ವಿಚಾರಿಸುವುದು ಒಳ್ಳೆಯದು.

ಇದೇ ಗುಂಪಿನ ಔಷಧ ಮೀನಿಗೂ ಘೋರ ವಿಷ. ತೊಳೆದ ನೀರನ್ನು ಕೆರೆ, ಕಾಲುವೆ, ದನದ ತೊಟ್ಟಿಗಳ ಬಳಿ ಚೆಲ್ಲದೆ ದೂರದ ಪಾಳು ನೆಲಕ್ಕೆ ಸುರಿಯಬೇಕು. ನಾಯಿಯ ಪರ್ಮೆಥ್ರಿನ್ ಪುಡಿಯನ್ನು ಬೆಕ್ಕಿಗೆ ಎಂದೂ ಹಚ್ಚಬಾರದು. ಬೆಕ್ಕಿನ ಯಕೃತ್ತಿಗೆ ಅದನ್ನು ಜೀರ್ಣಿಸುವ ಶಕ್ತಿ ಕಡಿಮೆ. ನಡುಕ ಹತ್ತಿ ಸಾಯಬಹುದು. ಬೆಳೆಯ ಪುಡಿಯನ್ನು ಹೇನಿಗೆಂದು ಮಕ್ಕಳ ತಲೆಗೆ ಹಾಕುವುದಂತೂ ಪ್ರಾಣಕ್ಕೆ ಎರವು.

ವಿಷ ಏರಿದರೆ

ಮೆಲಾಥಿಯಾನ್ ಗುಂಪಿನ ವಿಷ ಏರಿದಾಗ ಜೊಲ್ಲು, ಬೆವರು, ವಾಂತಿ, ಕಣ್ಣುಪಾಪೆ ಸೂಜಿಮೊನೆಯಷ್ಟಾಗುವುದು, ಉಸಿರಾಟದ ತೊಂದರೆ ಕಾಣುತ್ತವೆ. ಪುಡಿಯಾದ ಬಟ್ಟೆ ತೆಗೆದು ಮೈಯನ್ನು ಸಾಬೂನಿನಿಂದ ತೊಳೆದು, ತಡಮಾಡದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸಬೇಕು. ಹಾಲು, ಎಣ್ಣೆ, ತುಪ್ಪ ಕುಡಿಸಬಾರದು. ಕೆಲವು ವಿಷಗಳು ಜಿಡ್ಡಿನೊಡನೆ ಇನ್ನೂ ಬೇಗ ರಕ್ತ ಸೇರುತ್ತವೆ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸುವುದೂ ಬೇಡ. ಪುಡಿಯ ಡಬ್ಬ ಅಥವಾ ಚೀಟಿಯನ್ನು ಜೊತೆಗೆ ಒಯ್ಯಬೇಕು. ಮೆಲಾಥಿಯಾನ್ ವಿಷಕ್ಕೆ ವೈದ್ಯರು ಅಟ್ರೊಪಿನ್ ಚುಚ್ಚುಮದ್ದು ಕೊಡುತ್ತಾರೆ. ಪರ್ಮೆಥ್ರಿನ್‌ಗೆ ಅದು ಮದ್ದಲ್ಲ.