ಸುತ್ತಿಗೆ ಎತ್ತುವ ಮೊದಲು ಮೊಮೆಂಟ್ ಲೆಕ್ಕ

ಪುತ್ತೂರು, ಸುಳ್ಯ, ಕಡಬದ ತೋಟಗಳಲ್ಲಿ ಅಡಿಕೆ ಕೊಯ್ಯಲು ದೋಟಿ ಹಿಡಿದವರಿಗೆ ಮಣಿಕಟ್ಟಿನ ಬಲ ಅಂದ್ರೆ ಎಂತ ಅಂತ ಹೇಳಿಕೊಡಬೇಕಾಗಿಲ್ಲ. ಉದ್ದದ ದೋಟಿ ನೆಟ್ಟಗೆ ನಿಂತಿರುವಾಗ ಕೈಗೆ ಅಷ್ಟು ಕಷ್ಟ ಇಲ್ಲ. ಸ್ವಲ್ಪ ವಾಲಿತೋ, ಮಣಿಕಟ್ಟು ಎಳೆಯಲು ಶುರು. ಇನ್ನೂ ವಾಲಿದರೆ ಹಿಡಿಯಲಿಕ್ಕೇ ಆಗುವುದಿಲ್ಲ. ಹಗುರವಾದ ಕಾರ್ಬನ್ ಫೈಬರ್ ದೋಟಿಯನ್ನು ಜನ ಮೆಚ್ಚಿಕೊಂಡದ್ದು ಸುಮ್ಮನೆ ಅಲ್ಲ.

ಈ ಬಲ ಬೆಳೆಸಲಿಕ್ಕೆ ಒಂದು ವ್ಯಾಯಾಮ ಉಂಟು: ಸ್ಲೆಡ್ಜ್ ಹ್ಯಾಮರ್ ಲಿವರಿಂಗ್. ಸುತ್ತಿಗೆಯಲ್ಲಿ ಹೊಡೆಯುವುದಲ್ಲ. ಅದರ ಕಾವು ಹಿಡಿದು, ತಲೆಯನ್ನು ಬರೀ ಮಣಿಕಟ್ಟಿನಿಂದ ಎತ್ತಿ ಇಳಿಸುವುದು. (ಕಾವು ಅಂದ್ರೆ ಮರದ ಹಿಡಿ, ಪುತ್ತೂರು–ಸುಳ್ಯ ರಸ್ತೆಯ ಕಾವು ಅಲ್ಲ!) ಖರ್ಚು ಕಡಿಮೆ, ಹಾಸ್ಟೆಲಿನಲ್ಲೂ ಮಾಡಬಹುದು. ಆದರೆ ಹುಮ್ಮಸ್ಸಿನಲ್ಲಿ ಮಣಿಕಟ್ಟು ಉಳುಕಿಸಿಕೊಂಡರೆ ಮೂರು ಗಂಟೆ ಪರೀಕ್ಷೆ ಬರೆಯುವುದು ಯಾರು? ಹಾಗಾಗಿ ಮೊದಲು ಲೆಕ್ಕ ನೋಡುವಾ.

ಭಾರಕ್ಕಿಂತ ದೂರ ಮುಖ್ಯ

ಮೊಮೆಂಟ್ ಅಂದ್ರೆ ಬಲ ಗುಣಿಸು ಲಂಬ ದೂರ. 1 ಕೆ.ಜಿ. ಸುತ್ತಿಗೆಯನ್ನು ತಲೆಯಿಂದ 30 ಸೆಂ.ಮೀ. ದೂರದಲ್ಲಿ ಹಿಡಿದು ಅಡ್ಡಕ್ಕೆ ನಿಲ್ಲಿಸಿದರೆ 1 × 9.8 × 0.3 = 2.94 ನ್ಯೂಟನ್ ಮೀಟರ್. 4 ಕೆ.ಜಿ. ಸುತ್ತಿಗೆಯನ್ನು 70 ಸೆಂ.ಮೀ. ದೂರದಲ್ಲಿ ಹಿಡಿದರೆ 27.4. ತೂಕ ನಾಲ್ಕು ಪಟ್ಟು, ಮಣಿಕಟ್ಟಿನ ಹೊರೆ ಒಂಬತ್ತು ಪಟ್ಟು! ಕಾವಿನ ತೂಕ ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

ಹಾಗಾಗಿ ಸುತ್ತಿಗೆ ಬದಲಿಸುವ ಮೊದಲು ಕೈ ಜರುಗಿಸಬೇಕು. 1 ಕೆ.ಜಿ. ಸುತ್ತಿಗೆ ಸಾಕು. ತಲೆಯಿಂದ 10 ಸೆಂ.ಮೀ.ಗೆ ಹಿಡಿದು ಶುರು ಮಾಡಿ. ಕಾವಿನ ಮೇಲೆ ಮಾರ್ಕರಿನಲ್ಲಿ ಗೆರೆ ಹಾಕಿ, ಸುಲಭ ಆದಮೇಲೆ 2 ಸೆಂ.ಮೀ. ಹಿಂದೆ ಸರಿಯಿರಿ. ಮುಂದೆ 2 ಕೆ.ಜಿ. ತೆಗೆದುಕೊಂಡರೆ ಅರ್ಧ ದೂರದಲ್ಲಿ ಹಿಡಿಯಿರಿ. ಆಗ ಹೊರೆ ಮೊದಲಿನಷ್ಟೇ.

ತಲೆ ಕೆಳಗೋ, ಮೇಲೋ?

ಇದೇ ಮುಖ್ಯ ವಿಷಯ. ಸುತ್ತಿಗೆಯ ತಲೆ ಕೈಗಿಂತ ಕೆಳಗಿದ್ದರೆ ಅದು ಲೋಲಕದ ಹಾಗೆ. ಕೈ ಸೋತರೆ ತಲೆ ಕೆಳಗೆ ಇಳಿಯುತ್ತದೆ, ಲಂಬ ದೂರ ಕಡಿಮೆಯಾಗುತ್ತದೆ, ಹೊರೆಯೂ ಇಳಿಯುತ್ತದೆ. ತಲೆ ಕೈಗಿಂತ ಮೇಲಿದ್ದರೆ ಅದು ದೋಟಿಯ ಹಾಗೆ, ಅಂದ್ರೆ ತಲೆಕೆಳಗಾದ ಲೋಲಕ. ಕೈ ಸೋಲುವ ಹೊತ್ತಿಗೇ ಹೊರೆ ಏರುತ್ತದೆ. 30 ಡಿಗ್ರಿ ವಾಲಿದರೆ ಗರಿಷ್ಠ ಹೊರೆಯ ಅರ್ಧ, 90 ಡಿಗ್ರಿಗೆ ಪೂರ್ತಿ. ಕ್ಷಮಿಸುವ ವ್ಯಾಯಾಮ ಮೊದಲು, ಕ್ಷಮಿಸದ್ದು ಆಮೇಲೆ.

ಕ್ರಮ ಹೀಗೆ:

1. ಮುಂದಕ್ಕೆ: ನೆಟ್ಟಗೆ ನಿಂತು ಕೈ ಪಕ್ಕಕ್ಕೆ ಇಳಿಬಿಡಿ. ಸುತ್ತಿಗೆಯ ತಲೆ ಮುಂದಕ್ಕೆ, ಕೆಳಮುಖವಾಗಿ ಇರಲಿ. ಮೊಣಕೈ ಮಡಚದೆ, ಹೆಬ್ಬೆರಳಿನ ಕಡೆಗೆ ಮಣಿಕಟ್ಟು ಬಗ್ಗಿಸಿ ಎತ್ತಿ. ಆ ಕಡೆಗೆ ಅದು ಬಗ್ಗುವುದೇ ಸುಮಾರು 20 ಡಿಗ್ರಿ. ಹೆಚ್ಚು ಬೇಕು ಅಂತ ಭುಜ ಎತ್ತಬೇಡಿ.

2. ಹಿಂದಕ್ಕೆ: ಅದೇ ನಿಲುವು, ತಲೆ ಹಿಂದಕ್ಕೆ. ಕಿರುಬೆರಳಿನ ಕಡೆಗೆ ಬಗ್ಗಿಸಿ ಎತ್ತಿ. ಇಲ್ಲಿ ಸುಮಾರು 30 ಡಿಗ್ರಿ ಸಿಗುತ್ತದೆ.

3. ತಿರುಗಿಸುವುದು: ಒಂದು ತಿಂಗಳ ನಂತರ. ಕುರ್ಚಿಯಲ್ಲಿ ಕೂತು ಮುಂಗೈ ತೊಡೆಯ ಮೇಲಿಡಿ, ಸುತ್ತಿಗೆ ನೆಟ್ಟಗೆ ಇರಲಿ. ನಿಧಾನ ಒಳಗೆ, ಹೊರಗೆ ವಾಲಿಸಿ. 30 ಡಿಗ್ರಿ ದಾಟಬೇಡಿ. ಹೊಸ ಭಂಗಿ ಆದ್ದರಿಂದ ಪುನಃ 10 ಸೆಂ.ಮೀ.ನಿಂದ ಶುರು.

ಒಂದೊಂದು ಕೈಗೆ 8 ಸಲದಂತೆ ಎರಡು ಸೆಟ್, ವಾರಕ್ಕೆ ಎರಡೇ ದಿನ. ಇಳಿಸುವಾಗ ಮನಸ್ಸಿನಲ್ಲೇ ಮೂರು ಎಣಿಸಿ. ಬೀಳುವ ತಲೆಯನ್ನು ತಟ್ಟನೆ ತಡೆದರೆ ಬರುವ ಎಳೆತ ನಮ್ಮ ಲೆಕ್ಕಕ್ಕಿಂತ ತುಂಬಾ ಹೆಚ್ಚು. ಸ್ನಾಯುಗಳಷ್ಟು ಬೇಗ ಸ್ನಾಯುರಜ್ಜುಗಳು ಗಟ್ಟಿಯಾಗುವುದಿಲ್ಲ. ಮನಸ್ಸು ಸಾಕು ಅನ್ನುವ ಮೊದಲೇ ನಿಲ್ಲಿಸುವುದು ಅದಕ್ಕೇ.

ಸುತ್ತಿಗೆಯನ್ನು ಮುಖದ ಹತ್ತಿರ ಇಳಿಸುವ ಸಾಹಸ ಬೇಡವೇ ಬೇಡ. ಅದಕ್ಕೆ ಹೆಸರಾದ ಅಮೆರಿಕದ ಸ್ಲಿಮ್ ಫರ್ಮನ್ ಕಲ್ಲಿನ ಕ್ವಾರಿಯಲ್ಲಿ ವರ್ಷಗಟ್ಟಲೆ ಸುತ್ತಿಗೆ ಬೀಸಿದವರು. ನಾವು ಬೀಸುವುದು ವರ್ಕ್‌ಶಾಪ್ ಲ್ಯಾಬ್‌ನಲ್ಲಿ ಮಾತ್ರ, ಅದೂ ವೈವಾ ಇದ್ದರೆ.

ನಮ್ಮ ಊರಿನ ಮಳೆ, ಸೆಕೆ

ಇಲ್ಲಿಯ ಸೆಕೆಗೆ ಅಂಗೈ ಬೆವರಿ ಕಾವು ಜಾರುತ್ತದೆ. ಪ್ರತಿ ಸೆಟ್ಟಿಗೂ ಬೈರಾಸಿನಲ್ಲಿ ಕೈ, ಕಾವು ಎರಡನ್ನೂ ಒರೆಸಿ. ಮರದ ಕಾವು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಒಣಗುವಾಗ ತಲೆ ಸಡಿಲ ಆಗಬಹುದು. ನೀರಿನಲ್ಲಿ ನೆನೆಸಿಟ್ಟರೆ ಬಿಗಿಯಾಗುತ್ತದೆ ನಿಜ, ಒಣಗಿದ ಮೇಲೆ ಪುನಃ ಸಡಿಲ. ಬೆಣೆ ಹೊಡೆಸಿಯೇ ಬಳಸಿ. ಕಾಲಿಗೆ ಶೂ ಇರಲಿ, ಹತ್ತಿರ ಯಾರೂ ನಿಂತಿರಬಾರದು.

ಮುಂಗೈ ಸ್ನಾಯು ದಣಿದರೆ ತೊಂದರೆ ಇಲ್ಲ. ಮಣಿಕಟ್ಟಿನ ಕಿರುಬೆರಳಿನ ಬದಿ ಅಥವಾ ಹೆಬ್ಬೆರಳಿನ ಬುಡ ಚುಚ್ಚಿದ ಹಾಗೆ ನೋವಾದರೆ, ಬೆರಳು ಜೋಮು ಹಿಡಿದರೆ ಅಲ್ಲಿಗೇ ನಿಲ್ಲಿಸಿ. ಕೆಲವು ದಿನದಲ್ಲಿ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ಮೊದಲೇ ಅಲ್ಲಿ ಮೂಳೆ ಮುರಿದದ್ದು ಉಂಟಾದರೆ ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಪರೀಕ್ಷೆಯ ವಾರ ಸುತ್ತಿಗೆ ಮೂಲೆಯಲ್ಲೇ ಇರಲಿ.

ತಿಂಗಳಿಗೆ ಕಾವಿನ ಮೇಲಿನ ಗೆರೆ ಎರಡೇ ಸೆಂ.ಮೀ. ಜರುಗಿದರೂ ಬಲ ಬೆಳೆದ ಹಾಗೇ. ಮುಂದಿನ ಕೊಯ್ಲಿಗೆ ಊರಿಗೆ ಹೋದಾಗ ದೋಟಿ ಹಿಡಿದು ನೋಡಿ, ವಾಲಿದ್ದನ್ನು ನೆಟ್ಟಗೆ ಮಾಡುವಾಗ ವ್ಯತ್ಯಾಸ ಗೊತ್ತಾದೀತು.