ಗಡಿ ದಾಟುವ ಮೋಟಾರು ಸೈಕಲ್ಲು

ಬಲಿಪಾಡ್ಯಮಿಯ ಮರುದಿನ ನಮ್ಮ ಗುಮಟಾಪುರದಲ್ಲಿ ಗೊರೆಹಬ್ಬ ನಡೆಯುವುದನ್ನು ಕಾಣದ ಬಾಲಕರು ಈ ಸೀಮೆಯಲ್ಲಿ ಇರಲಾರರು. ಬೀರೇಶ್ವರನ ಗುಡಿಯ ಬಳಿಗೆ ಸಗಣಿಯ ರಾಶಿ ಬರುವ ಹೊತ್ತಿಗೆ ಊರ ದಾರಿಗಳಲ್ಲಿ ಮೋಟಾರು ಸೈಕಲ್ಲುಗಳು ಸಾಲುಗಟ್ಟಿ ನಿಂತಿರುತ್ತವೆ. ಅವುಗಳ ಸಂಖ್ಯಾಫಲಕಗಳನ್ನು ಓದುತ್ತ ಹೋದರೆ ಕೆಲವಕ್ಕೆ ‘ಟಿ.ಎನ್.’ ಎಂದೂ ಕೆಲವಕ್ಕೆ ‘ಕೆ.ಎ. 10’ ಎಂದೂ ಇರುವುದು ಕಂಡುಬರುತ್ತದೆ. ಮೊದಲಿನವು ತಮಿಳುನಾಡಿನವು, ಎರಡನೆಯವು ಚಾಮರಾಜನಗರದವು. ಬಂದವರು ನೆಂಟರು, ಆಡುವ ಮಾತು ಒಂದೇ, ದೇವರೂ ಒಬ್ಬನೇ. ಆದರೆ ಬಂದ ವಾಹನಗಳು ಎರಡು ರಾಜ್ಯಗಳವು.

ಈ ಗಡಿಯು ಹೇಗೆ ಬಂದಿತೆಂಬುದನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯುತ್ತೇವೆ. 1956ನೆಯ ಇಸವಿ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಹೋಯಿತು; ಅದೇ ಜಿಲ್ಲೆಯ ತಾಳವಾಡಿ ಸೀಮೆಯು ಮದರಾಸು ರಾಜ್ಯದಲ್ಲಿಯೇ ಉಳಿಯಿತು. 1979ರಲ್ಲಿ ಕೊಯಮತ್ತೂರು ಜಿಲ್ಲೆಯು ಒಡೆದು ಈಗಿನ ಈರೋಡು ಜಿಲ್ಲೆಯಾಯಿತು. ನಮಗೆ ಚಾಮರಾಜನಗರದ ಸಂತೆಯೂ ಬೇಕು. ದಿಂಬದ ಘಟ್ಟದ 27 ತಿರುವುಗಳನ್ನು ಇಳಿದು ಸತ್ಯಮಂಗಲಕ್ಕೆ ಹೋಗುವುದೂ ತಪ್ಪದು. ಆದುದರಿಂದ ಗಡಿ ದಾಟುವ ವಿದ್ಯೆಯು ನಮಗೆ ನಿತ್ಯದ್ದು. ನಿತ್ಯದ್ದಾದುದರಿಂದಲೇ ಅದರ ನಿಯಮಗಳನ್ನು ನಾವು ಮರೆತಿದ್ದೇವೆ. ಅದನ್ನು ಅರಿಯಲು ಒಮ್ಮೆ ದೂರದ ದಕ್ಷಿಣ ಅಮೆರಿಕಕ್ಕೆ ಹೋಗಿ ಬರೋಣ.

ಭಾರತದ ಯುವಕನೊಬ್ಬನು ತನ್ನ ಮೋಟಾರು ಸೈಕಲ್ಲಿನಲ್ಲಿ ಆ ಖಂಡವನ್ನು ಸುತ್ತಲು ಹೊರಟನೆಂದು ಭಾವಿಸಿರಿ. ಮೊದಲನೆಯದಾಗಿ, ಅವನು ವಾಹನವನ್ನು ಹಡಗಿನಲ್ಲಿಯೋ ವಿಮಾನದಲ್ಲಿಯೋ ಸಾಗಿಸಬೇಕು. ಉತ್ತರ ಅಮೆರಿಕದಲ್ಲಿ ಇಳಿದು ರಸ್ತೆಯಲ್ಲೇ ಹೋಗುವೆನೆಂದರೂ ಆಗದು; ಪನಾಮಾ ಮತ್ತು ಕೊಲಂಬಿಯಾಗಳ ನಡುವೆ ದಾರಿಯೆನ್ ಎಂಬ ಕಾಡು ಮತ್ತು ಜೌಗು ನೆಲವಿದ್ದು ಅಲ್ಲಿ ರಸ್ತೆಯೇ ಇಲ್ಲ. ಎರಡನೆಯದಾಗಿ, ಅವನು ಹಳದಿ ಜ್ವರದ ಚುಚ್ಚುಮದ್ದನ್ನು ಹಾಕಿಸಿಕೊಂಡಿರಬೇಕು. ಚುಚ್ಚಿದ 10 ದಿನಗಳ ಮೇಲೆ ಅದರ ಪ್ರಮಾಣಪತ್ರವು ಊರ್ಜಿತವಾಗುವುದು. ಆ ಪತ್ರವಿಲ್ಲದೆ ಹಳದಿ ಜ್ವರದ ದೇಶದಿಂದ ನೇರವಾಗಿ ಹಿಂದಿರುಗಿದವನನ್ನು ನಮ್ಮ ಸರ್ಕಾರವೇ 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಹೋಗುವ ದೇಶದ ಗಡಿಯಷ್ಟೇ ಅಲ್ಲ, ತಿರುಗಿ ಬರುವ ಸ್ವದೇಶದ ಗಡಿಯೂ ಪ್ರಶ್ನೆ ಕೇಳುವುದೆಂಬುದನ್ನು ಅನೇಕರು ನೆನೆಯುವುದಿಲ್ಲ.

ಇನ್ನು ಗಡಿಯ ಕಚೇರಿ. ಗಡಿಯು ಒಂದು ಕಣ್ಣಿನಿಂದ ಮನುಷ್ಯನನ್ನೂ ಇನ್ನೊಂದು ಕಣ್ಣಿನಿಂದ ವಾಹನವನ್ನೂ ನೋಡುತ್ತದೆ. ಮನುಷ್ಯನಿಗೆ ಪಾಸ್‌ಪೋರ್ಟು, ಅದರ ಮೇಲೆ ಆ ದೇಶದ ವೀಸಾ. ವಾಹನಕ್ಕೆ ಸುಂಕದ ಕಚೇರಿಯು ಕೊಡುವ ತಾತ್ಕಾಲಿಕ ಆಮದಿನ ಚೀಟಿ. ಹೀಗಾಗಿ ಪ್ರತಿ ಗಡಿಯಲ್ಲಿಯೂ ನಾಲ್ಕು ಮೇಜುಗಳು: ಬಿಡುವ ದೇಶದಲ್ಲಿ ಮನುಷ್ಯನ ನಿರ್ಗಮನದ ಮುದ್ರೆ, ವಾಹನದ ಹಳೆಯ ಚೀಟಿಯ ರದ್ದತಿ, ಸೇರುವ ದೇಶದಲ್ಲಿ ಮನುಷ್ಯನ ಪ್ರವೇಶದ ಮುದ್ರೆ, ವಾಹನಕ್ಕೆ ಹೊಸ ಚೀಟಿ. ಈ ಎರಡು ಬಗೆಯ ಕಾಗದಗಳಲ್ಲಿ ಬರೆದ ದಿನಗಳ ಅವಧಿ ಒಂದೇ ಆಗಿರಬೇಕೆಂದಿಲ್ಲ. ತನಗೆ ಇನ್ನೂ ಹತ್ತು ದಿನ ಉಂಟೆಂದು ಸವಾರನು ನಿಶ್ಚಿಂತನಾಗಿರುವಾಗ ವಾಹನದ ಅವಧಿ ಮುಗಿದು ಅದು ಜಪ್ತಿಯಾಗಲೂಬಹುದು. ಹಳೆಯ ಚೀಟಿಯನ್ನು ರದ್ದು ಮಾಡಿಸದೆ ಮುಂದೆ ಹೋದವನನ್ನು, ವಾಹನವನ್ನು ಸುಂಕ ಕೊಡದೆ ಅಲ್ಲಿಯೇ ಮಾರಿದನೆಂದು ಆ ದೇಶವು ಭಾವಿಸುವುದು ಸಹಜ.

ಕಾರ್ನೆ ಎಂಬ ಇನ್ನೊಂದು ಪುಸ್ತಕವೂ ಉಂಟು. ಒಯ್ದ ವಾಹನವನ್ನು ಹಿಂದಕ್ಕೆ ತರುತ್ತೇವೆ, ತಾರದಿದ್ದರೆ ಸುಂಕ ತೆರುತ್ತೇವೆ ಎಂದು ಮೋಟಾರು ಸಂಘವೊಂದು ಜಾಮೀನು ನಿಲ್ಲುವ ಪತ್ರವಿದು. ದಕ್ಷಿಣ ಅಮೆರಿಕದ ಬಹುಪಾಲು ದೇಶಗಳು ಇದನ್ನು ಕಡ್ಡಾಯವಾಗಿ ಕೇಳುವುದಿಲ್ಲ.

1952ರ ಜನವರಿಯಲ್ಲಿ ಅರ್ಜೆಂಟೀನಾದ ವೈದ್ಯವಿದ್ಯಾರ್ಥಿ ಅರ್ನೆಸ್ಟೋ ಗೆವಾರನು ಗೆಳೆಯ ಆಲ್ಬರ್ಟೋ ಗ್ರಾನಾದೋನೊಡನೆ ಹಳೆಯ ನಾರ್ಟನ್ ಮೋಟಾರು ಸೈಕಲ್ಲೊಂದರಲ್ಲಿ ಇದೇ ಖಂಡವನ್ನು ನೋಡಲು ಹೊರಟಿದ್ದನು. ಚಿಲಿ ದೇಶದಲ್ಲಿ ಅದು ಕೈಕೊಟ್ಟಿತು. ಮಿತ್ರರಿಬ್ಬರೂ ಅದನ್ನು ಬಿಟ್ಟು ಸಿಕ್ಕಿದ ಲಾರಿಗಳನ್ನು ಹತ್ತಿ ಮುಂದೆ ಹೋದರು. ನಾಲ್ಕು ಮೇಜುಗಳಲ್ಲಿ ಎರಡು ಅಲ್ಲಿಗೇ ತೀರಿದುವೆಂದು ನಾವು ವಿನೋದಕ್ಕಾಗಿ ಹೇಳಬಹುದು.

ಉಳಿದುದು ವಿಮೆ. ಭಾರತದ ವಿಮಾಪತ್ರವು ಭಾರತದ ಎಲ್ಲೆಯೊಳಗೆ ಮಾತ್ರ ನಡೆಯುವುದು. ಹೆಚ್ಚಿನ ಹಣ ಕಟ್ಟಿದರೆ ನೇಪಾಳ, ಭೂತಾನ, ಬಾಂಗ್ಲಾದೇಶ, ಶ್ರೀಲಂಕಾ ಮೊದಲಾದ ನೆರೆಯ ದೇಶಗಳಿಗೆ ಅದನ್ನು ವಿಸ್ತರಿಸಬಹುದು; ಅದರಾಚೆಗೆ ಆಯಾ ದೇಶದ ವಿಮೆಯನ್ನೇ ಕೊಳ್ಳಬೇಕು. ಪೆರು ಮತ್ತು ಕೊಲಂಬಿಯಾಗಳಲ್ಲಿ ‘ಸೋಆಟ್’ ಎಂಬ ಕಡ್ಡಾಯದ ವಿಮೆಯುಂಟು. ಅಪಘಾತದಲ್ಲಿ ತಪ್ಪು ಯಾರದೆಂಬ ವಿಚಾರಣೆಗೆ ಕಾಯದೆ, ದಾರಿಹೋಕನಿಗೂ ಸವಾರನಿಗೂ ಹಿಂದೆ ಕುಳಿತವನಿಗೂ ಒಂದು ಮಿತಿಯವರೆಗೆ ಚಿಕಿತ್ಸೆಯ ವೆಚ್ಚವನ್ನು ಅದು ಕೊಡುತ್ತದೆ. ಈ ಅಂಶವನ್ನು ಓದುಗರು ನೆನಪಿನಲ್ಲಿ ಇರಿಸಿಕೊಳ್ಳಬೇಕು.

ಈಗ ನಮ್ಮ ಊರಿಗೆ ಬರೋಣ. ಇಲ್ಲಿಯ ಗಡಿಯಲ್ಲಿ ಮನುಷ್ಯನಿಗೆ ವೀಸಾ ಬೇಡ. 2020ರಲ್ಲಿ ಕೊರೋನಾ ವ್ಯಾಧಿಯ ಕಾಲದಲ್ಲಿ ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಹೋಗಲು ಇ-ಪಾಸ್ ಬೇಕಾಯಿತು; ಅಕ್ಕನ ಮನೆಗೆ ಹೋಗಲೂ ಸರ್ಕಾರದ ಅಪ್ಪಣೆ ಪಡೆಯುವುದೆಂದರೇನೆಂದು ಆಗ ನಮಗೆ ತಿಳಿಯಿತು. ಚಾಲನಾ ಪರವಾನಗಿಯು ಭಾರತಕ್ಕೆಲ್ಲ ಒಂದೇ. ಸ್ವಂತದ ದ್ವಿಚಕ್ರ ವಾಹನವು ಒಂದು ದಿನದ ಹಬ್ಬಕ್ಕೆ ಬಂದು ಹೋಗಲು ಯಾವ ಅಡ್ಡಿಯೂ ಇಲ್ಲ. ಆದರೆ ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಂಡರೆ 1988ರ ಮೋಟಾರು ವಾಹನ ಕಾಯಿದೆಯ ಮೇರೆಗೆ ಹೊಸ ಸಂಖ್ಯೆಯನ್ನು ಪಡೆಯಬೇಕು. ಚಾಮರಾಜನಗರದಲ್ಲಿ ಹಳೆಯ ವಾಹನವನ್ನು ಅಗ್ಗವಾಗಿ ಕೊಂಡು ತರುವವರು ಮಾರಿದವನಿಂದ ಕೀಲಿಕೈಯನ್ನಷ್ಟೇ ಪಡೆದರೆ ಸಾಲದು. ಅಲ್ಲಿಯ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರವನ್ನು ಪಡೆದು ಇಲ್ಲಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಮಾರಿದವನಿಗೂ ಇದರಲ್ಲಿ ಹಿತವಿದೆ. ದಾಖಲೆಯಲ್ಲಿ ಅವನ ಹೆಸರೇ ಉಳಿದಿದ್ದರೆ, ತಾನು ಕಣ್ಣಿನಿಂದಲೂ ಕಾಣದ ಅಪಘಾತಕ್ಕೆ ಅವನು ಪರಿಹಾರ ತೆರಬೇಕಾದೀತು.

ವಿಮೆಯ ವಿಷಯವು ಇದಕ್ಕಿಂತಲೂ ಗುರುತರವಾದುದು. 2018ರ ಸೆಪ್ಟೆಂಬರ್ 1ರಿಂದೀಚೆಗೆ ಹೊಸ ದ್ವಿಚಕ್ರ ವಾಹನವನ್ನು ಮಾರುವಾಗಲೇ ಮೂರನೆಯವರ ವಿಮೆಯನ್ನು 5 ವರ್ಷಗಳಿಗೆ ಒಟ್ಟಾಗಿ ಮಾಡಿಸತಕ್ಕದ್ದೆಂದು ನಿಯಮವಾಯಿತು. ಇದು ಒಳ್ಳೆಯ ನಿಯಮವೇ. ಆದರೆ ಐದು ವರ್ಷವೆಂಬುದು ಮರೆಯಲು ಸಾಕಾಗುವ ಕಾಲ. ಅವಧಿ ತೀರಿದ ವಾಹನವು ಎಂದಿನಂತೆಯೇ ಓಡುತ್ತದೆ, ಎಂದಿನಂತೆಯೇ ಹೊಗೆ ಬಿಡುತ್ತದೆ. ಹೊರಗೆ ಯಾವ ಗುರುತೂ ಕಾಣದು. ಪೊಲೀಸರು ಹಿಡಿದರೆ ಮೊದಲ ಸಲ ದಂಡ 2000 ರೂಪಾಯಿ, ಇಲ್ಲವೆ ಮೂರು ತಿಂಗಳವರೆಗೆ ಸೆರೆಮನೆ, ಇಲ್ಲವೆ ಎರಡೂ. ದಂಡವು ಹೋಗಲಿ, ದಾರಿಯಲ್ಲಿ ಒಬ್ಬ ಕೂಲಿಯವನಿಗೆ ಆ ವಾಹನ ತಗುಲಿ ಅವನು ತೀರಿಕೊಂಡರೆ, ನ್ಯಾಯಮಂಡಳಿಯು ಗೊತ್ತುಮಾಡುವ ಪರಿಹಾರವನ್ನು ಮಾಲೀಕನೇ ತೆರಬೇಕು. ಎರಡು ಎಕರೆ ಹೊಲವುಳ್ಳ ಸಂಸಾರಕ್ಕೆ ಅದರ ಅರ್ಥವೇನೆಂದು ನಾವು ಬಿಡಿಸಿ ಹೇಳಬೇಕಾಗಿಲ್ಲ. ಹೊಲವು ಹೋದರೂ ಸತ್ತವನ ಮಕ್ಕಳಿಗೆ ಪೂರ್ತಿ ಹಣ ಸಿಕ್ಕೀತೆಂಬ ಭರವಸೆಯಿಲ್ಲ.

ಪೆರು ದೇಶದ ವಿಮೆಯಲ್ಲಿ ಹಿಂದೆ ಕುಳಿತವನಿಗೂ ರಕ್ಷಣೆಯುಂಟೆಂದು ಮೇಲೆ ಹೇಳಿದೆವಷ್ಟೆ. ನಮ್ಮಲ್ಲಿ, ಕಾಯಿದೆಯು ಕೇಳುವಷ್ಟನ್ನೇ ಮಾಡಿಸಿದ ಅಗ್ಗದ ವಿಮೆಯು ದ್ವಿಚಕ್ರ ವಾಹನದ ಹಿಂದೆ ಸುಮ್ಮನೆ ಕೂರಿಸಿಕೊಂಡು ಹೋದವರಿಗೆ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ತೀರ್ಪಿತ್ತಿತು. ಬೆಳಿಗ್ಗೆ ನಮ್ಮ ಶಾಲೆಗಳ ಬಾಗಿಲಲ್ಲಿ ನಿಂತು ನೋಡಿದರೆ ತಂದೆಯ ಹಿಂದೆ ಕುಳಿತು ಬರುವ ಮಕ್ಕಳೆಷ್ಟು ಮಂದಿ! ಸಮಗ್ರ ವಿಮೆಯನ್ನು ಮಾಡಿಸಿದರೆ ಈ ಕೊರತೆ ನೀಗುತ್ತದೆ. ಮಾಡಿಸುವಾಗ ಹಿಂದೆ ಕುಳಿತವರ ಮಾತನ್ನು ಎತ್ತಿ ಕೇಳಬೇಕು, ಪತ್ರದಲ್ಲಿ ಅದು ಬರೆದಿದೆಯೇ ಎಂದು ಓದಿ ನೋಡಬೇಕು. ವಿಮಾಪತ್ರವು ಇಂಗ್ಲಿಷಿನಲ್ಲಿರುವುದರಿಂದ ಹಿರಿಯರಿಗೆ ಅದು ಕಷ್ಟ. ಮೇಲಿನ ತರಗತಿಯ ವಿದ್ಯಾರ್ಥಿಗಳು ಒಂದು ಸಂಜೆ ಅದನ್ನು ಪೆಟ್ಟಿಗೆಯಿಂದ ತೆಗೆದು, ಮುಗಿಯುವ ದಿನಾಂಕವನ್ನೂ ಮಾಲೀಕನ ಹೆಸರನ್ನೂ ಓದಿ ತಂದೆತಾಯಿಗಳಿಗೆ ಕನ್ನಡದಲ್ಲಿ ಹೇಳಲಿ.

ಕೊನೆಯದಾಗಿ ಗಡಿನಾಡಿನವರು ಕೇಳುವ ಒಂದು ಪ್ರಶ್ನೆ. ಅಪಘಾತವು ಕರ್ನಾಟಕದ ನೆಲದಲ್ಲಿ ಆದರೆ ಪರಿಹಾರಕ್ಕಾಗಿ ಅಲ್ಲಿಗೇ ಅಲೆಯಬೇಕೆ? ಬೇಕಿಲ್ಲ. ಅಪಘಾತವಾದ ಸ್ಥಳದ ನ್ಯಾಯಮಂಡಳಿಯಲ್ಲಿಯಾಗಲಿ, ತಾವು ವಾಸಿಸುವ ಸ್ಥಳದ ನ್ಯಾಯಮಂಡಳಿಯಲ್ಲಿಯಾಗಲಿ ಅರ್ಜಿ ಸಲ್ಲಿಸಲು ಕಾಯಿದೆಯು ಅವಕಾಶವಿತ್ತಿದೆ. 2022ರ ಏಪ್ರಿಲ್ 1ರಿಂದ ಇದಕ್ಕೆ 6 ತಿಂಗಳ ಗಡುವು ಬಂದಿರುವುದರಿಂದ, ಪೊಲೀಸು ಠಾಣೆಯ ದೂರಿನ ಪ್ರತಿ ಮತ್ತು ಆಸ್ಪತ್ರೆಯ ಚೀಟಿಗಳನ್ನು ಮೊದಲ ದಿನದಿಂದಲೇ ಜೋಪಾನವಾಗಿ ಇರಿಸಿಕೊಳ್ಳತಕ್ಕದ್ದು.